ಗುಟ್ಟಿನ ಪ್ರಶ್ನೆಗೆ ಉತ್ತರ ಕೊಡುವವರಾರು?

ಮನೆ ಬಾಗಿಲಿಗೆ ಬಂದ ಅಪರಿಚಿತರು ‘ನಿಮ್ಮ ಮನೆಯಲ್ಲಿ ಎಷ್ಟು ಜನ?’ ಎಂದರೆ ಉತ್ತರ ಕೊಡುತ್ತೇವೆ. ‘ಎಚ್‌ಐವಿ ಪರೀಕ್ಷೆ ಮಾಡಿಸಿದ್ದೀರಾ?’ ಎಂದರೆ ಬಾಗಿಲು ಹಾಕಿಕೊಳ್ಳುತ್ತೇವೆ. ಲೈಂಗಿಕ ಆರೋಗ್ಯದ ಸಂಶೋಧಕರಿಗೆ ಮೊದಲಿನಿಂದಲೂ ಇದೇ ತೊಡಕು. ಆದರೆ ಸೋಂಕು ಹೇಗೆ ಹರಡುತ್ತಿದೆ, ಪರೀಕ್ಷೆಯ ಸೌಲಭ್ಯ ಯಾರನ್ನು ತಲುಪಿಲ್ಲ ಎಂಬುದು ಗೊತ್ತಾಗದೆ ರೋಗವನ್ನು ತಡೆಯುವುದಾದರೂ ಹೇಗೆ?

ಇದಕ್ಕೆ ಅವರು ಕಂಡುಕೊಂಡ ಒಂದು ದಾರಿ ಡೇಟಿಂಗ್ ಆ್ಯಪ್. ಸಂಗಾತಿಯನ್ನು ಹುಡುಕಲು ಫೋನ್ ತೆರೆದವರಿಗೆ ಸಮೀಕ್ಷೆಯ ಆಹ್ವಾನ ಕಾಣಿಸುತ್ತದೆ. ಒಪ್ಪಿದವರು ಒತ್ತಿದರೆ ಪ್ರಶ್ನಾವಳಿ ತೆರೆದುಕೊಳ್ಳುತ್ತದೆ. ಎದುರಿಗೆ ಯಾರೂ ಕುಳಿತಿರುವುದಿಲ್ಲವಾದ್ದರಿಂದ ಸಂಕೋಚವೂ ಕಡಿಮೆ.

ಯುರೋಪಿನ ‘ಎಮಿಸ್’ ಸಮೀಕ್ಷೆ ಇದಕ್ಕೊಂದು ಉದಾಹರಣೆ. ಪುರುಷರೊಡನೆ ಲೈಂಗಿಕ ಸಂಬಂಧವಿರುವ ಪುರುಷರ ಆರೋಗ್ಯ ಅದರ ವಿಷಯ. 2010ರಲ್ಲಿ, ಮುಖ್ಯವಾಗಿ ಡೇಟಿಂಗ್ ಜಾಲತಾಣಗಳ ಮೂಲಕ, 38 ದೇಶಗಳ 1.80 ಲಕ್ಷಕ್ಕೂ ಹೆಚ್ಚು ಮಂದಿ ಉತ್ತರಿಸಿದರು. ಪ್ರಶ್ನೆಗಳು 25 ಭಾಷೆಗಳಲ್ಲಿದ್ದವು. 2017ರ ಸುತ್ತಿನಲ್ಲಿ ಗ್ರೈಂಡರ್, ಹಾರ್ನೆಟ್ ಆ್ಯಪ್‌ಗಳ ಮೂಲಕವೂ ಆಹ್ವಾನ ಹೋಯಿತು, ಭಾಷೆಗಳು 33ಕ್ಕೇರಿದವು. ಆಗ ಉತ್ತರಿಸಿದವರ ಐಪಿ ವಿಳಾಸವನ್ನು ಸಂಗ್ರಹಿಸಲಿಲ್ಲ, ಹಣದ ಆಮಿಷವನ್ನೂ ಒಡ್ಡಲಿಲ್ಲ.

ಆದರೆ ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಚಿತ್ರ ಪೂರ್ಣವಾಗದು. ಆ್ಯಪ್ ಬಳಸದವರು, ಬಳಸಿಯೂ ಉತ್ತರಿಸದವರು ಲೆಕ್ಕದಿಂದ ಹೊರಗೇ ಉಳಿಯುತ್ತಾರೆ. ಇದು ಹಳೆಯ ತಕರಾರು. ಅಮೆರಿಕದ ಆಲ್‌ಫ್ರೆಡ್ ಕಿನ್ಸಿ ಸುಮಾರು 5,300 ಪುರುಷರ ಸಂದರ್ಶನಗಳನ್ನು ಆಧರಿಸಿ 1948ರಲ್ಲಿ ಗ್ರಂಥ ಹೊರತಂದಾಗಲೂ ಸಂಖ್ಯಾಶಾಸ್ತ್ರಜ್ಞರು ಇದನ್ನೇ ಎತ್ತಿದ್ದರು. ತಾವಾಗಿ ಮುಂದೆ ಬಂದವರು ಇಡೀ ಸಮಾಜದ ಕನ್ನಡಿಯಲ್ಲ.

ಎರಡನೆಯ ಆತಂಕ ಗೋಪ್ಯತೆಯದು. ಬಳಕೆದಾರರು ದಾಖಲಿಸಿದ್ದ ಎಚ್‌ಐವಿ ಮಾಹಿತಿಯನ್ನು ಗ್ರೈಂಡರ್ ಹೊರಗಿನ ಎರಡು ಕಂಪನಿಗಳೊಂದಿಗೆ ಹಂಚಿಕೊಂಡಿದ್ದು 2018ರಲ್ಲಿ ಬಯಲಾಯಿತು. ಟೀಕೆ ಬಂದ ಮೇಲೆ ಅದನ್ನು ನಿಲ್ಲಿಸಿತು. ಸಂಶೋಧಕರು ಪ್ರಾಮಾಣಿಕರಾಗಿದ್ದರೂ, ಅವರು ಹಿಡಿದ ದಾರಿಯಲ್ಲೇ ಗುಟ್ಟು ಸೋರಬಹುದು ಎಂಬುದಕ್ಕೆ ಇದು ಎಚ್ಚರಿಕೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ, ಇಂಥ ಅಧ್ಯಯನಕ್ಕೆ ನೈತಿಕ ಸಮಿತಿಯ ಅನುಮತಿ ಬೇಕು. ಪಾಲ್ಗೊಂಡವರು ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ಆದ್ದರಿಂದ ಕಾಲೇಜು ವಿದ್ಯಾರ್ಥಿಗಳು ‘ಒಪ್ಪಿಗೆ’ ಒತ್ತುವ ಮುನ್ನ ನೋಡಬೇಕಾದ್ದು ಮೂರು: ಅಧ್ಯಯನ ನಡೆಸುವ ಸಂಸ್ಥೆ ಯಾವುದು, ಸಮಿತಿಯ ಅನುಮತಿ ಇದೆಯೇ, ಉತ್ತರಗಳು ಯಾರ ಕೈ ಸೇರುತ್ತವೆ? ಇವು ಸ್ಪಷ್ಟವಾಗಿರದಿದ್ದರೆ ಅಲ್ಲಿಗೇ ಬಿಡುವುದು ಲೇಸು. ಅನುಮಾನ ಬಂದಾಗ ಮಕ್ಕಳು ಮನೆಯಲ್ಲಿ ಕೇಳುವಂತಿರಬೇಕು. ಕೇಳಿದರೆ ಹೆತ್ತವರು ಗದರದೆ ಜೊತೆಗೆ ಕುಳಿತು ಓದಬೇಕು.