ಬುಡ ಉಳಿಸಿ ಕಡ್ಡಿ ಕೊಯ್ಯುವ ತೋಟ

ಕೃಷಿ ಓದಲು ಇಂಗ್ಲೆಂಡಿಗೆ ಹೋದ ನಮ್ಮ ಕಿರಿಯ ಮಗ, ರಜೆಯಲ್ಲಿ ಬುಟ್ಟಿ ಹೆಣೆಯುವ ಕಡ್ಡಿಯ ತೋಟದಲ್ಲಿ ದುಡಿಯುತ್ತಿದ್ದಾನೆಂದು ತಿಳಿದಾಗ ಆ ಮಾತನ್ನು ನಾವು ಬೀಗರ ಮುಂದೆ ಆಡಲಿಲ್ಲ. ಮೂರು ತಲೆಮಾರು ಅಡತಿ ಅಂಗಡಿ ನಡೆಸಿದ ಮನೆತನ ನಮ್ಮದು. ಕಳೆದ ಡಿಸೆಂಬರಿನಲ್ಲಿ ಮನೆಯವರೊಡನೆ ಹೋಗಿ ಆ ತೋಟವನ್ನು ಕಣ್ಣಾರೆ ಕಂಡೆವು.

ಇಂಗ್ಲೆಂಡಿನ ನೈರುತ್ಯಕ್ಕಿರುವ ಸಾಮರ್‌ಸೆಟ್ ಲೆವೆಲ್ಸ್ ತಗ್ಗು ನಾಡು. ಕಾಲುವೆ ತೋಡಿ ನೀರು ಬಸಿದು ಉಳಿಸಿಕೊಂಡ ಭೂಮಿ. 2013-14ರ ಚಳಿಗಾಲದಲ್ಲಿ ಅಲ್ಲಿ ವಾರಗಟ್ಟಲೆ ನೆರೆ ನಿಂತಿತ್ತು. ಅಂಥ ಒದ್ದೆ ನೆಲ ವಿಲ್ಲೋ ಗಿಡಕ್ಕೆ ಹಿತ. ಒಂದಡಿ ಉದ್ದದ ತುಂಡನ್ನು ಮಣ್ಣಿಗೆ ಚುಚ್ಚಿದರೆ ಬೇರು ಬಿಡುತ್ತದೆ. ಮೂರನೆಯ ವರ್ಷಕ್ಕೆ ಪೂರ್ಣ ಫಸಲು. ಮುಂದೆ 20 ವರ್ಷಕ್ಕೂ ಹೆಚ್ಚು ಕಾಲ ಅದೇ ಬುಡ ಫಲ ಕೊಡುತ್ತದೆ. ಎಲೆ ಉದುರಿದ ಮೇಲೆ ನೆಲದ ಮಟ್ಟಕ್ಕೆ ಕೊಯ್ಯುತ್ತಾರೆ. ವಸಂತದಲ್ಲಿ ಚಿಗುರಿದ್ದು ಮುಂದಿನ ಚಳಿಗಾಲಕ್ಕೆ ಆಳೆತ್ತರ ಮೀರುತ್ತದೆ.

ಕೊಯ್ದ ಕಡ್ಡಿಯ ಹೊರೆಯನ್ನು ಪೀಪಾಯಿಯಲ್ಲಿ ನಿಲ್ಲಿಸಿ, ಉದ್ದನೆಯವನ್ನು ಮೊದಲು ಎಳೆದು, ಅಡಿಯ ಲೆಕ್ಕದಲ್ಲಿ ಬೇರೆ ಮಾಡುತ್ತಾರೆ. ತೊಗಟೆ ಸಹಿತ ಒಣಗಿಸಿದ್ದು ಕಂದು ಕಡ್ಡಿ. ಕೆಲವು ತಾಸು ಕುದಿಸಿ ಸುಲಿದರೆ ತೊಗಟೆಯ ಬಣ್ಣ ಒಳಗಿಳಿದು ಹೊಂಬಣ್ಣ ಬರುತ್ತದೆ. ನೀರಿನಲ್ಲಿ ನಿಲ್ಲಿಸಿ, ವಸಂತದಲ್ಲಿ ರಸ ಏರಿದಾಗ ಸುಲಿದದ್ದು ಬಿಳಿ ಕಡ್ಡಿ. ಪ್ಲಾಸ್ಟಿಕ್ ಬಂದ ಮೇಲೆ ಹಲವು ತೋಟಗಳು ಹೋದವು. ಉಳಿದವರು ಬುಟ್ಟಿ, ಬೇಲಿ, ಶವಪೆಟ್ಟಿಗೆ, ಚಿತ್ರಕಾರರ ಇದ್ದಿಲು ಮಾಡಿ ಬದುಕಿದ್ದಾರೆ.

ಅಲ್ಲಿ ಆಗ ನಾಲ್ಕು ಗಂಟೆ ದಾಟುತ್ತಲೇ ಸೂರ್ಯಾಸ್ತ. ಮಗ ಮೂರೂವರೆಗೇ ಡಬ್ಬಿ ಬಿಚ್ಚಿ ಊಟ ಮುಗಿಸುತ್ತಿದ್ದ. ಅದನ್ನು ಕಂಡು ಅವನ ತಾಯಿಯ ಕಣ್ಣು ತುಂಬಿತು. ಆದರೂ ನಾವು ಕೇಳಿಯೇ ಬಿಟ್ಟೆವು: "ಶ್ರಾವಕನು ಬಿಡಬೇಕಾದ ಹದಿನೈದು ಖರಕರ್ಮಗಳಲ್ಲಿ ವನಜೀವಿಕೆ, ಅಗ್ನಿಜೀವಿಕೆ ಎರಡೂ ಇವೆಯಲ್ಲ?"

"ಇವೆ ಅಪ್ಪಾ. ಇದ್ದಿಲ ಭಟ್ಟಿಗೆ ನಾ ಬರೂದಿಲ್ಲ ಅಂತ ಮೊದಲೇ ಹೇಳೀನಿ. ಕೊಯ್ಯೋದರಾಗ ದೋಷ ಇಲ್ಲ ಅಂತ ನಾ ಅನ್ನೂದಿಲ್ಲ. ಬುಡ ಮಾತ್ರ ಕಡಿಯೂದಿಲ್ಲ."

ನಮಗೆ ಲೇಶ್ಯೆಗಳ ದೃಷ್ಟಾಂತ ನೆನಪಾಯಿತು. ನೇರಳೆ ಮರದ ಹಣ್ಣಿಗಾಗಿ ಕೃಷ್ಣಲೇಶ್ಯೆಯವನು ಬುಡವನ್ನೇ ಕಡಿಯಲು ಹೊರಟ, ಶುಕ್ಲಲೇಶ್ಯೆಯವನು ಉದುರಿದ ಹಣ್ಣಿಗೇ ತೃಪ್ತನಾದ. ಗೃಹಸ್ಥರಾದ ನಾವೆಲ್ಲ ಇವರಿಬ್ಬರ ನಡುವೆ ಎಲ್ಲೋ ನಿಂತವರು. ಯಾವ ಕಡೆಗೆ ಹೆಜ್ಜೆ ಹಾಕುತ್ತಿದ್ದೇವೆ ಎಂಬುದೇ ಪ್ರಶ್ನೆ.

ಮರುದಿನ ನಾವೂ ಒಂದಷ್ಟು ಹೊತ್ತು ಕಡ್ಡಿ ಸುಲಿದು ನೋಡಿದೆವು. ಅರ್ಧ ತಾಸಿಗೆ ಬೆರಳು ಜೋಮುಗಟ್ಟಿ, ಅಂಗೈ ಕೆಂಪಾಯಿತು. ಸುಲಿದದ್ದು ಒಂದು ಹಿಡಿಯೂ ಇಲ್ಲ! ಆಗ ನಮ್ಮ ಅಂಗಡಿಯ ಕಟ್ಟೆಯ ಮುಂದೆ ಬುಟ್ಟಿ, ಮೊರ ಮಾರುವ ಮೇದಾರ ಅಜ್ಜಿ ಕಣ್ಣ ಮುಂದೆ ಬಂದಳು. ಅವಳು ಹೇಳಿದ ಬೆಲೆಯನ್ನು ಅರ್ಧಕ್ಕಿಳಿಸಿ ಕೊಂಡು, ಜಾಣತನ ಮೆರೆದೆವೆಂದು ಎಷ್ಟು ಸಲ ನಕ್ಕಿಲ್ಲ! ನಲವತ್ತು ವರ್ಷದ ನಮ್ಮ ಖಾತೆ ವಹಿಯಲ್ಲಿ ಆ ಬಾಕಿ ಎಲ್ಲಿಯೂ ಬರೆದಿಲ್ಲ.

ಊರಿಗೆ ಬಂದ ಮೇಲೆ ಅವಳಿಂದ ನಾಲ್ಕು ಬುಟ್ಟಿ ಕೊಂಡೆವು. ಹೇಳಿದಷ್ಟೇ ಹಣ ಕೊಟ್ಟಾಗ, "ಯಾಕ್ರಿ ಸಾವ್ಕಾರ್ರ, ಇವತ್ತ ಚೌಕಾಸಿ ಇಲ್ಲೇನ್ರಿ?" ಎಂದಳು. ಉತ್ತರ ಹೊಳೆಯಲಿಲ್ಲ. ಮಗನ ಕೆಲಸ ಯಾವುದೆಂದು ಬೀಗರಿಗೆ ಮಾತ್ರ ಅಂದೇ ಹೇಳಿದೆವು.