ಶರಣೆಯರ ಸಂಪುಟವನ್ನೋದಿ

ಈ ಶ್ರಾವಣದಲ್ಲಿ ಹಿರೇಹಂದಿಗೋಳದಲ್ಲಿ ಕುಳಿತು ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ವನ್ನು (1923) ಮತ್ತೆ ಓದಿದೆ. ಅದರ ಬೆನ್ನಿಗೇ ಡಾ. ವೀರಣ್ಣ ರಾಜೂರರು ಸಂಪಾದಿಸಿದ ‘ಶಿವಶರಣೆಯರ ವಚನಸಂಪುಟ’ವನ್ನು ತೆರೆದೆ. ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರ್ಕಾರವು 1993ರಲ್ಲಿ ಹೊರತಂದ 15 ಸಂಪುಟಗಳಲ್ಲಿ ಇದು 5ನೆಯದು.

ಅಕ್ಕಮಹಾದೇವಿಯ ವಚನಗಳು ನಮ್ಮ ಮನೆಗಳಿಗೆ ಹೊಸವಲ್ಲ. ನನ್ನನ್ನು ತಡೆದು ನಿಲ್ಲಿಸಿದವಳು ಸೂಳೆ ಸಂಕವ್ವೆ. ಆಕೆಯದೆಂದು ಉಳಿದಿರುವುದು ಒಂದೇ ವಚನ, ಅಂಕಿತ ನಿರ್ಲಜ್ಜೇಶ್ವರ. ಹಿಡಿದ ವ್ರತಕ್ಕೆ ತಪ್ಪಲಾರೆನೆಂಬ ನಿಷ್ಠೆಯನ್ನು ಆಕೆ ತನ್ನ ವೃತ್ತಿಯ ಮಾತುಗಳಲ್ಲಿಯೇ, ಎಳ್ಳಷ್ಟೂ ಅಂಜದೆ ಹೇಳುತ್ತಾಳೆ. ಮನೆಯ ವಚನಪಠಣದಲ್ಲಿ ಹಿರಿಯರು ಈ ಪುಟವನ್ನು ದಾಟಿಸಿಬಿಡುವುದನ್ನು ಕಂಡಿದ್ದೇನೆ. ಹೆಸರಿನ ಮೊದಲ ಶಬ್ದವೇ ಅವರಿಗೆ ಮುಜುಗರ. ಆ ಶಬ್ದವನ್ನು ಅಳಿಸದೆ ತಾಳೆಗರಿಯಲ್ಲಿ ಬರೆದು ಕಾಪಾಡಿದವರೂ ನಮ್ಮ ಹಿರಿಯರೇ ಅಲ್ಲವೆ? ಹೆಣ್ಣುಮಕ್ಕಳ ಮುಂದೆಯೇ ಇದನ್ನು ಗಟ್ಟಿಯಾಗಿ ಓದಿರಿ.