ದಾರದ ಅಳತೆ, ಚೀಟಿಯ ಲೆಕ್ಕ

ಹೈದರಾಬಾದಿನ ದೊಡ್ಡ ಚೌಕಾಶಿ ಯಾವುದೆಂದರೆ 1891ರದ್ದೇ ಹೇಳಬೇಕು. ಶಿಮ್ಲಾದ ರತ್ನ ವ್ಯಾಪಾರಿ ಅಲೆಕ್ಸಾಂಡರ್ ಮಾಲ್ಕಂ ಜೇಕಬ್ ತಂದ ವಜ್ರಕ್ಕೆ ಆರನೇ ನಿಜಾಮ ಮೆಹಬೂಬ್ ಅಲಿ ಖಾನ್ 46 ಲಕ್ಷ ರೂಪಾಯಿ ಹೇಳಿ, 23 ಲಕ್ಷ ಮುಂಗಡ ಕೊಟ್ಟು, ಹರಳು ಕಣ್ಣೆದುರಿಗೆ ಬಂದಾಗ ಬೇಡವೆಂದರು. ಜಗಳ ಕಲ್ಕತ್ತಾದ ನ್ಯಾಯಾಲಯದ ಮೆಟ್ಟಿಲೇರಿತು. ಜೇಕಬ್ ಖುಲಾಸೆಯಾದ, ಆದರೆ ಅವನ ವ್ಯಾಪಾರ ಮುಳುಗಿತು. ಹರಳು ಕೊನೆಗೆ ನಿಜಾಮರ ಮನೆಯಲ್ಲೇ ಉಳಿಯಿತು. 184.75 ಕ್ಯಾರೆಟ್‌ನ ಆ ವಜ್ರವನ್ನು ಮಗ ಮೀರ್ ಉಸ್ಮಾನ್ ಅಲಿ ಖಾನ್ ಕಾಗದ ಹಾರದಂತೆ ಮೇಜಿನ ಮೇಲೆ ಇಡುತ್ತಿದ್ದರಂತೆ.

ನಮ್ಮ ದೊಡ್ಡವ್ವನದು ಎರಡು ಉಂಗುರದ ಚೌಕಾಶಿ. ಮಗನ ನಿಶ್ಚಿತಾರ್ಥಕ್ಕೆಂದು ಕಲಬುರಗಿಯಿಂದ ಬಂದಿದ್ದಳು. ಅತ್ತ ಕಡೆಯವರಿಗೆ ಮದುವೆಯ ಬಂಗಾರವೆಂದರೆ ಇಂದಿಗೂ ಹೈದರಾಬಾದೇ. ಗುಲ್ಜಾರ್ ಹೌಜ್, ಚಾರ್‌ಕಮಾನ್, ಅಬಿಡ್ಸ್, ಸಿಕಂದರಾಬಾದ್ ಎಂದು ಎರಡು ದಿನ ನನ್ನನ್ನು ಸುತ್ತಿಸಿದಳು. ಹೋದಲ್ಲೆಲ್ಲ ಒಂದೇ ಪ್ರಶ್ನೆ: "ಇವತ್ತಿನ ರೇಟ್ ಎಷ್ಟದರಿ?" ಉತ್ತರವೂ ಹೆಚ್ಚುಕಡಿಮೆ ಒಂದೇ. "ಎಲ್ಲಾ ಕಡಿ ಅಷ್ಟೇ ಅದಲ್ಲೋ!" ಎಂದು ಕೊನೆಗೆ ಸೋತು ಕೂತಳು.

ರೇಟು ಬೋರ್ಡಿನ ಮೇಲೆ ಬರೆದಿರುತ್ತದೆ, ಅದನ್ನು ಜಗ್ಗಾಡಿ ಪ್ರಯೋಜನವಿಲ್ಲ. ಜಗ್ಗಬೇಕಾದದ್ದು ಮಜೂರಿ. ಕೆಲವರು ಅದಕ್ಕೆ ವೇಸ್ಟೇಜ್ ಎಂದು ಹೆಸರಿಟ್ಟಿರುತ್ತಾರೆ, ತೆಲುಗಿನವರ ಬಾಯಲ್ಲಿ 'ತರುಗು', ಕೆಲವು ಕಡೆ ಎರಡನ್ನೂ ಬೇರೆ ಬೇರೆ ಹಚ್ಚುತ್ತಾರೆ. ಲೆಕ್ಕ ಸುಲಭವಾಗಲೆಂದು ಗ್ರಾಂಗೆ 10,000 ರೂಪಾಯಿ ಹಿಡಿಯೋಣ. 5 ಗ್ರಾಂ ಉಂಗುರದ ಬಂಗಾರ 50,000. ಮಜೂರಿ ಶೇ 18 ಆದರೆ 9,000, ಒಟ್ಟಿನ ಮೇಲೆ ಶೇ 3 ಜಿಎಸ್‌ಟಿ ಸೇರಿ 60,770. ಅದೇ ಮಜೂರಿ ಶೇ 8 ಆದರೆ 55,620. ಬೆರಳಿಗೆ ಬರುವ ಬಂಗಾರ ಎರಡರಲ್ಲೂ ಅಷ್ಟೇ. ಮುಂದೆ ಮಾರಲು ಹೋದರೆ ಅಂಗಡಿಯವನು ತೂಗುವುದು ಬಂಗಾರವನ್ನು, ಮಜೂರಿಯನ್ನಲ್ಲ. ಕುಸುರಿ ಹೆಚ್ಚಿದಷ್ಟೂ ಮಜೂರಿ ಹೆಚ್ಚು. ಸಾದಾ ಬಳೆಯಂಥ ಉಂಗುರಕ್ಕೆ ಕಡಿಮೆ. ಆಷಾಢದಲ್ಲಿ ಗಿರಾಕಿ ತೆಳುವಾದಾಗ ಮಜೂರಿ ತಾನಾಗಿ ಇಳಿಯುತ್ತದೆ. ಅಕ್ಷಯ ತೃತೀಯದ ನೂಕುನುಗ್ಗಲಲ್ಲಿ ಮಾತಾಡಿಸಲೂ ಪುರುಸೊತ್ತಿರುವುದಿಲ್ಲ.

ಇನ್ನೊಂದು ಸೋರುವ ಜಾಗ ಹರಳು. ಹಿಂದೆ ಒಂದು ಅಂಗಡಿಯಲ್ಲಿ ಬಿಳಿ ಹರಳಿನ ಉಂಗುರ ಕೊಂಡು ನಾನೇ ಮೋಸಹೋಗಿದ್ದೆ. ಹರಳು ಸಮೇತ ತೂಗಿ ಅಷ್ಟಕ್ಕೂ ಬಂಗಾರದ ಬೆಲೆ ಹಚ್ಚಿದ್ದರು. ಒಂದು ಕ್ಯಾರೆಟ್ ಎಂದರೆ 0.2 ಗ್ರಾಂ. ಸಣ್ಣದೆನಿಸುತ್ತದೆ, ಆದರೆ ಬಂಗಾರದ ಬೆಲೆಯಲ್ಲಿ ಸಣ್ಣದಲ್ಲ. ಬಿಲ್ಲಿನಲ್ಲಿ ಒಟ್ಟು ತೂಕ, ಹರಳು ಕಳೆದ ನಿವ್ವಳ ತೂಕ ಎರಡನ್ನೂ ಬರೆಸಿಕೊಳ್ಳಬೇಕು.

ಒಂದು ಕಡೆ ಮೆಲ್ಲಗೆ "ಕಚ್ಚಾ ಚೀಟಿ ಸಾಕಾದರೆ ಜಿಎಸ್‌ಟಿ ಬಿಡ್ತೀನಿ" ಎಂದರು. ದೊಡ್ಡವ್ವನ ಕಣ್ಣು ಅರಳಿತು. ನಾನು ಅವಳ ಕೈ ಹಿಡಿದು ಎಬ್ಬಿಸಿದೆ. 2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕಿಗಳ ಗುರುತು ಸಂಖ್ಯೆ, ಎಚ್‌ಯುಐಡಿ, ಇಲ್ಲದ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ಎರಡು ಗ್ರಾಂಗಿಂತ ಕಡಿಮೆ ತೂಕದ್ದಕ್ಕೆ ವಿನಾಯಿತಿಯಿದೆ. ಉಂಗುರದ ಒಳಗೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಗುರುತು, 22ಕೆ916 ಅಥವಾ 18ಕೆ750 ಎಂಬಂಥ ಶುದ್ಧತೆ, ಪಕ್ಕದಲ್ಲಿ ಆ ಸಂಖ್ಯೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಒಡವೆಯ ಜಾತಕ ಹೊರಬೀಳುತ್ತದೆ. ಶುದ್ಧತೆ ಕಡಿಮೆ ಬಂದರೆ ಕೊರತೆಯ ಎರಡು ಪಟ್ಟು ಪರಿಹಾರ ಕೇಳುವ ಹಕ್ಕಿದೆ, ಕೇಳಲು ಕೈಯಲ್ಲಿ ಪಕ್ಕಾ ಬಿಲ್ ಬೇಕು.

ಹುಡುಗನಿಗೆ ಮಾತ್ರ ವಜ್ರದ ಆಸೆ. ತಪ್ಪೇನಿಲ್ಲ, ಊರೇ ವಜ್ರದ್ದು. 1720ರ ದಶಕದಲ್ಲಿ ಬ್ರೆಜಿಲ್‌ನಲ್ಲಿ ಸಿಗುವವರೆಗೆ ಜಗತ್ತಿನ ವಜ್ರ ಹೆಚ್ಚುಕಮ್ಮಿ ನಮ್ಮ ನೆಲದ್ದೇ. ಕೃಷ್ಣೆಯ ದಂಡೆಯ ಕೊಲ್ಲೂರಿನಲ್ಲಿ ಅಗೆದದ್ದು ಗೋಲ್ಕೊಂಡದ ಹೆಸರಲ್ಲಿ ಮಾರಾಟವಾಗುತ್ತಿತ್ತು. ಆದರೆ ನಿಶ್ಚಿತಾರ್ಥಕ್ಕೆ ವಜ್ರವೇ ಬೇಕೆಂಬ ಹಟ ಇಲ್ಲಿನದಲ್ಲ. 1947ರಲ್ಲಿ ಡಿ ಬಿಯರ್ಸ್ ಕಂಪನಿಗಾಗಿ ಅಮೆರಿಕದ ಜಾಹೀರಾತು ಸಂಸ್ಥೆಯೊಂದು 'ವಜ್ರ ಶಾಶ್ವತ' ಎಂಬ ಅರ್ಥದ ಘೋಷಣೆ ಕಟ್ಟಿತು, ಎರಡು ತಿಂಗಳ ಸಂಬಳ ಉಂಗುರಕ್ಕೆ ಸುರಿಯಬೇಕೆಂಬ ಮಾತೂ ಅದೇ ಕಂಪನಿಯ ಜಾಹೀರಾತಿನ ಕೂಸು. ಈಗ ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರವಿದೆ. ಅದೂ ಇಂಗಾಲವೇ, ಬರಿಗಣ್ಣಿಗೆ ವ್ಯತ್ಯಾಸ ತಿಳಿಯದು, ಬೆಲೆ ಬಹಳ ಕಡಿಮೆ. ಮರುಮಾರಾಟದ ಬೆಲೆಯೂ ಅಷ್ಟೇ ಕಡಿಮೆ, ಆದ್ದರಿಂದ ತೊಡುವ ಖುಷಿಗೆ ಮಾತ್ರ ಕೊಳ್ಳಬೇಕು. ನನ್ನ ಕೇಳಿದರೆ, ನಿಶ್ಚಿತಾರ್ಥದ ಉಂಗುರ ಮಾರಲು ಕೊಳ್ಳುವ ಒಡವೆಯೇ ಅಲ್ಲವಲ್ಲ.

ಪತ್ಥರ್‌ಗಟ್ಟಿಯಲ್ಲಿ ಮುತ್ತಿನುಂಗುರ ಅಗ್ಗವಾಗಿ ಸಿಕ್ಕಿತು. ದೊಡ್ಡವ್ವ ಮನಸೋತಳು. ಮುತ್ತು ಮೆದು, ದಿನವೂ ಪಾತ್ರೆ ಉಜ್ಜುವ ಕೈಗೆ ಬಾಳದು. ಕಿವಿಗೆ, ಕೊರಳಿಗೆ ಸರಿ.

ಕೊನೆಗೆ ಅವಳೇ ಒಂದು ಉಪಾಯ ತೆಗೆದಳು. ಸಂಚಿಯ ತಳದಿಂದ ದೊಡ್ಡಪ್ಪನ ಹಳೆಯ ಉಂಗುರ, ಜೊತೆಗೆ ಸೊಸೆಯಾಗುವವಳ ಬೆರಳಿಗೆ ಸುತ್ತಿ ತಂದಿದ್ದ ಒಂದು ಕೆಂಪು ದಾರ. ಹಳೆಯದನ್ನು ಎದುರಿಗೇ ಕರಗಿಸಿ, ಶುದ್ಧತೆ ನೋಡಿ, ತೂಗಿದರು. ಅದರ ಬಂಗಾರದಲ್ಲಿ ಎರಡು ಸಾದಾ ಉಂಗುರ, ಮಜೂರಿ ಶೇ ಹತ್ತರೊಳಗೆ. ದಾರ ಜಗ್ಗಿ ಸಡಿಲಾಗಿತ್ತು, ಉಂಗುರ ತುಸು ದೊಡ್ಡದಾಯಿತು. ಸುತ್ತ ಹರಳಿದ್ದರೆ ಕಿರಿದು ಮಾಡುವುದು ಕಷ್ಟವಿತ್ತು. ಸಾದಾದ್ದಾದ್ದರಿಂದ ಊರಿನ ಪತ್ತಾರರೇ ಅರ್ಧ ತಾಸಿನಲ್ಲಿ ಸರಿಮಾಡಿದರು, ಉಳಿದ ಚೂರನ್ನು ಕಾಗದದಲ್ಲಿ ಸುತ್ತಿ ದೊಡ್ಡವ್ವನ ಕೈಗೇ ಕೊಟ್ಟರು.